ಹೊಗೆಯಿಲ್ಲದ ಬಸ್ಸಿಗೆ ಎಷ್ಟು ಕೊಡುತ್ತೀರಿ?

‘ಈ ಬಸ್ಸು ಹೊಗೆ ಉಗುಳದೆ ಓಡುವುದಾದರೆ ಟಿಕೆಟ್ಟಿಗೆ ಎಷ್ಟು ರೂಪಾಯಿ ಹೆಚ್ಚು ಕೊಡುತ್ತೀರಿ?’ ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಹೀಗೆ ಕೇಳುತ್ತ ಹೋದರೆ ಗಂಡಸರು ಏನೋ ಒಂದು ಅಂಕಿ ಹೇಳಿಯಾರು. ಹೆಂಗಸರು ಏನು ಹೇಳಬೇಕು? 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಕಂಡಕ್ಟರ್ ಅವರಿಗೆ ಹರಿದುಕೊಡುವುದು ಸೊನ್ನೆ ದರದ ಟಿಕೆಟ್. ಬಸ್ಸಿಗಾಗಿ ಕಾಯುತ್ತ ಹೊಗೆ ಕುಡಿಯುವವರಲ್ಲಿ ಅವರೂ ಇದ್ದಾರೆ, ಅವರ ಕಂಕುಳಲ್ಲಿರುವ ಮಕ್ಕಳೂ ಇದ್ದಾರೆ. ಟಿಕೆಟ್ಟಿನ ಲೆಕ್ಕದಲ್ಲಿ ಮಾತ್ರ ಅವರ ಉಸಿರಿನ ಬೆಲೆ ಎಲ್ಲಿಯೂ ಕಾಣುವುದಿಲ್ಲ.

ಶುದ್ಧ ಗಾಳಿ ಸಂತೆಯಲ್ಲಿ ಸಿಗುವ ಸರಕಲ್ಲ. ಹಾಗಾಗಿ ಅದಕ್ಕೆಷ್ಟು ಕೊಡಲು ಸಿದ್ಧರಿದ್ದೀರಿ ಎಂದು ಜನರನ್ನೇ ಕೇಳುವ ವಿಧಾನವೊಂದನ್ನು ಅರ್ಥಶಾಸ್ತ್ರಜ್ಞರು ಬೆಳೆಸಿದರು. 1963ರಲ್ಲಿ ರಾಬರ್ಟ್ ಡೇವಿಸ್ ಅಮೆರಿಕದ ಮೇನ್ ರಾಜ್ಯದ ಕಾಡಿಗೆ ಬರುವವರ ಮೇಲೆ ಇದನ್ನು ಪ್ರಯೋಗಿಸಿದರು. ಆದರೆ ಬಾಯಿಮಾತಿನ ಅಂಕಿ ಬೇಗ ಮೋಸ ಮಾಡುತ್ತದೆ. ಎಣ್ಣೆ ಹೊಂಡಗಳಲ್ಲಿ ಬಿದ್ದು ಸಾಯುವ ವಲಸೆ ಹಕ್ಕಿಗಳನ್ನು ಉಳಿಸಲು ಎಷ್ಟು ಕೊಡುತ್ತೀರೆಂದು ಅಮೆರಿಕದಲ್ಲೇ ಮೂರು ಗುಂಪುಗಳನ್ನು ಕೇಳಿದರು. 2,000 ಹಕ್ಕಿಗೆ ಸರಾಸರಿ 80 ಡಾಲರ್, 20,000ಕ್ಕೆ 78, 2 ಲಕ್ಷಕ್ಕೆ 88. ಹಕ್ಕಿಗಳ ಸಂಖ್ಯೆ ನೂರು ಪಟ್ಟು ಏರಿದರೂ ಹಣ ಹೆಚ್ಚುಕಡಿಮೆ ಅಲ್ಲೇ ನಿಂತಿತು. ಎಕ್ಸಾನ್ ವಾಲ್ಡೆಜ್ ಹಡಗಿನಿಂದ 1989ರಲ್ಲಿ ಅಲಾಸ್ಕದ ಕಡಲಿಗೆ ಎಣ್ಣೆ ಚೆಲ್ಲಿದ ಮೇಲೆ ಈ ವಿಧಾನ ದೊಡ್ಡ ಚರ್ಚೆಗೆ ಬಂತು. ನೊಬೆಲ್ ಪುರಸ್ಕೃತರಾದ ಕೆನೆತ್ ಆರೋ ಮತ್ತು ರಾಬರ್ಟ್ ಸೋಲೋ ನೇತೃತ್ವದ ಸಮಿತಿ 1993ರಲ್ಲಿ ಕಟ್ಟುನಿಟ್ಟಾದ ನಿಯಮಗಳನ್ನು ಸೂಚಿಸಿತು: ‘ಎಷ್ಟು’ ಎಂದು ಕೇಳಬೇಡಿ, ಇಷ್ಟು ಹಣಕ್ಕೆ ಒಪ್ಪುತ್ತೀರೋ ಇಲ್ಲವೋ ಎಂದು ಮತ ಕೇಳಿ, ಆ ಹಣ ಮನೆಯ ಬೇರೆ ಖರ್ಚಿನಿಂದಲೇ ಬರಬೇಕೆಂದು ನೆನಪಿಸಿ.

ಬಸ್ಸಿನ ವಿಷಯದಲ್ಲಿಯೂ ಇಂಥ ಅಧ್ಯಯನ ನಡೆದಿದೆ. ಲಂಡನ್, ಬರ್ಲಿನ್, ಲಕ್ಸೆಂಬರ್ಗ್ ಮತ್ತು ಪರ್ತ್ ನಗರಗಳ ಜನರನ್ನು ಹೈಡ್ರೋಜನ್ ಬಸ್ಸಿನ ಬಗ್ಗೆ ಕೇಳಿದ ಫಲಿತಾಂಶ 2007ರಲ್ಲಿ ಪ್ರಕಟವಾಯಿತು. ನಾಲ್ಕೂ ಕಡೆ ಜನ ಸ್ವಲ್ಪ ಹೆಚ್ಚು ಕೊಡಲು ಒಪ್ಪಿದ್ದರು. ಆ ಪ್ರಶ್ನೆಪತ್ರಿಕೆಯನ್ನು ಹಾಗೆಯೇ ಜೋಯಿಡಾಕ್ಕೆ ತರುವುದು ತಪ್ಪಾಗುತ್ತದೆ. ಒಂದು ಬಸ್ಸು ತಪ್ಪಿದರೆ ಮುಂದಿನದಕ್ಕೆ ಬಹಳ ಹೊತ್ತು ಕಾಯಬೇಕಾದ ಕಾಡಿನ ಊರಲ್ಲಿ ‘ಯಾವ ಬಸ್ಸು’ ಎನ್ನುವುದಕ್ಕಿಂತ ‘ಬಸ್ಸು ಬರುತ್ತದೆಯೇ’ ಎಂಬುದೇ ಮೊದಲ ಪ್ರಶ್ನೆ. ಅಲ್ಲಿಯ ಕೂಲಿಕಾರ ‘ಏನೂ ಕೊಡಲಾರೆ’ ಎಂದರೆ ಅದು ಅವನ ಕಿಸೆಯ ಅಳತೆ, ಶ್ವಾಸಕೋಶದ ಅಳತೆಯಲ್ಲ.

ಇನ್ನೊಂದು ಬಗೆಯ ಸೊನ್ನೆಯೂ ಇದೆ: ಕೈಲಾಗದೆ ಅಲ್ಲ, ಕೊಡುವುದೇ ಸರಿಯಲ್ಲವೆಂದು ಹೇಳುವ ಸೊನ್ನೆ. ಸಂಶೋಧಕರು ಅದನ್ನು ಪ್ರತಿಭಟನೆಯ ಸೊನ್ನೆ ಎಂದು ಬೇರೆ ಇಡುತ್ತಾರೆ, ಎಷ್ಟೋ ಸಲ ಲೆಕ್ಕದಿಂದಲೇ ಬಿಡುತ್ತಾರೆ. ಜೋಯಿಡಾದ ಕಡೆ ಅದಕ್ಕೆ ಕಾರಣವೂ ಇದೆ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಎದ್ದು ಸೂಪಾ ಎಂಬ ಊರೇ ನೀರಿನಡಿ ಹೋಯಿತು. ತಾಲ್ಲೂಕಿನ ಕಚೇರಿಗಳು ಜೋಯಿಡಾಕ್ಕೆ ಬಂದವು, ನೆಲ ಕಳೆದುಕೊಂಡ ಕುಟುಂಬಗಳು ರಾಮನಗರಕ್ಕೆ ಹೋದವು. ಅದೇ ನೀರಿನಿಂದ ಅಂಬಿಕಾನಗರದ ಬಳಿಯ ನಾಗಝರಿಯಲ್ಲಿ ವಿದ್ಯುತ್ ಹುಟ್ಟಿ ನಾಡಿಗೆಲ್ಲ ಹರಿಯುತ್ತಿದೆ. ನೆಲ ಕಳೆದುಕೊಂಡ ಆ ಮನೆಗಳವರೊಬ್ಬರು ‘ಕರೆಂಟಿನ ಬಸ್ಸಿಗೆ ನಾವೇಕೆ ಮತ್ತೆ ಕೊಡಬೇಕು?’ ಎಂದರೆ ಆ ಉತ್ತರವನ್ನು ಲೆಕ್ಕದಿಂದ ಹೊರಗಿಡುವುದು ನನ್ನ ಪ್ರಕಾರ ಅನ್ಯಾಯ. ಅವರು ಆಗಲೇ ಕೊಟ್ಟಿದ್ದಾರೆ.

ಏನನ್ನು ಕೊಳ್ಳುತ್ತಿದ್ದೇವೆ ಎಂಬುದನ್ನೂ ಬಿಡಿಸಿ ಹೇಳಬೇಕು. ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2012ರಲ್ಲಿ ಖಚಿತವಾಗಿ ಸಾರಿತು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಬಂದು, ಡೀಸೆಲ್‌ನ ಗಂಧಕದ ಮಿತಿ ಹತ್ತು ಲಕ್ಷಕ್ಕೆ 50 ಪಾಲಿನಿಂದ 10ಕ್ಕೆ ಇಳಿಯಿತು. ಹೊಸ ಬಸ್ಸುಗಳ ಹೊಗೆಕೊಳವೆಗೆ ಮಸಿ ಹಿಡಿಯುವ ಜರಡಿ ಬಂತು. ಹಳೆಯ ಬಸ್ಸಿನಿಂದ ಬಿಎಸ್-6ಕ್ಕೆ ಹೋದರೆ ಮಸಿಯಲ್ಲಿ ಆಗುವ ಇಳಿಕೆ ದೊಡ್ಡದು. ಬಿಎಸ್-6ರಿಂದ ವಿದ್ಯುತ್ ಬಸ್ಸಿಗೆ ಹೋದಾಗಿನ ಲಾಭದ ಸ್ವರೂಪವೇ ಬೇರೆ: ನಿಲ್ದಾಣದಲ್ಲಿ ಸದ್ದಿಲ್ಲ, ಅಣಶಿ ಘಟ್ಟ ಇಳಿಯುವಾಗ ಮೋಟಾರು ತಾನೇ ಬ್ರೇಕಾಗಿ ಬ್ಯಾಟರಿಗೆ ಶಕ್ತಿ ಮರಳಿಸುತ್ತದೆ. ಎರಡನ್ನೂ ‘ಶುದ್ಧ ಬಸ್ಸು’ ಎಂದು ಒಂದೇ ಗಂಟಿನಲ್ಲಿ ಕಟ್ಟಿ ಕೇಳಿದರೆ ಹಕ್ಕಿಗಳ ಕಥೆಯೇ ಆಗುತ್ತದೆ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಿನ ಟಿಕೆಟ್ ನೋಡಿ ಬೆಲೆ ಊಹಿಸುವಂತೆಯೂ ಇಲ್ಲ. ಚಿಗರಿಯೂ ಡೀಸೆಲ್ ಬಸ್ಸೇ. ಜನ ಅದನ್ನು ಹತ್ತುವುದು ತಂಪಿಗೆ, ವೇಗಕ್ಕೆ.

ಇದಕ್ಕಿಂತ ಒಳ್ಳೆಯ ದಾರಿಯಿದೆ. ಒಂದೊಂದೇ ಬೆಲೆ ಕೇಳುವ ಬದಲು ಎರಡು ಬಸ್ಸುಗಳನ್ನು ಮುಂದಿಟ್ಟು ಆರಿಸಿಕೊಳ್ಳಲು ಹೇಳುವುದು. ಜನರ ಆಯ್ಕೆಯನ್ನು ಓದುವ ಗಣಿತ ಕಟ್ಟಿದ ಡೇನಿಯಲ್ ಮ್ಯಾಕ್‌ಫ್ಯಾಡನ್ ಸ್ಯಾನ್ ಫ್ರಾನ್ಸಿಸ್ಕೋದ ಹೊಸ ರೈಲನ್ನು ಶೇ 6.3 ಜನ ಹತ್ತುತ್ತಾರೆಂದು ಮೊದಲೇ ಅಂದಾಜಿಸಿದ್ದರು. ಹತ್ತಿದ್ದು ಶೇ 6.2. ಅವರಿಗೆ 2000ದಲ್ಲಿ ನೊಬೆಲ್ ಬಂತು. ಈ ವಿಧಾನದಲ್ಲಿ ರೂಪಾಯಿಯ ಜಾಗದಲ್ಲಿ ನಿಮಿಷವನ್ನೂ ಇಡಬಹುದು: ‘ಹೊಗೆಯ ಬಸ್ಸು ಈಗಲೇ ಇದೆ, ಹೊಗೆಯಿಲ್ಲದ್ದು 20 ನಿಮಿಷದ ನಂತರ, ಯಾವುದನ್ನು ಹತ್ತುತ್ತೀರಿ?’ ಸೊನ್ನೆ ಟಿಕೆಟ್ಟಿನ ಹೆಂಗಸರು ಇದಕ್ಕೆ ಉತ್ತರಿಸಬಲ್ಲರು. ‘ಅದೇ ಹಣದಲ್ಲಿ ಡಿಪೋಗೆ ನಾಲ್ಕು ವಿದ್ಯುತ್ ಬಸ್ಸು ತರಬೇಕೋ, ಹೆಚ್ಚು ಡೀಸೆಲ್ ಬಸ್ಸು ಓಡಿಸಬೇಕೋ?’ ಎಂದು ಕೇಳಿದರೆ ಜೋಯಿಡಾದವರೂ ದಾಂಡೇಲಿಯವರೂ ಬೇರೆ ಬೇರೆ ಉತ್ತರ ಕೊಟ್ಟಾರು. ದಾಂಡೇಲಿಯ ರೆಸಾರ್ಟುಗಳಿಗೆ ಕಾರಿನಲ್ಲಿ ಬರುವವರ ಮುಂದೆಯೂ ಈ ಹಾಳೆ ಹಿಡಿಯಬೇಕು. ಆ ಕಾಡಿನ ಗಾಳಿಗೆಂದೇ ಅವರು ಬರುತ್ತಾರೆ. ಪ್ರಶ್ನೆಗಳನ್ನು ಜೋಯಿಡಾದಲ್ಲಿ ಕೊಂಕಣಿಯಲ್ಲಿ, ಹಳಿಯಾಳದ ಕೆಲವು ಓಣಿಗಳಲ್ಲಿ ಮರಾಠಿಯಲ್ಲಿ, 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟನ್ನರಿಗೆ ಅವರ ಮಾತಿನಲ್ಲಿಯೇ ಓದಿ ಹೇಳಬೇಕಾಗುತ್ತದೆ.