ಅಡುಗೆ ಅನಿಲ: ಯಾವುದು ನಮ್ಮ ಕೆಲಸ, ಯಾವುದು ಅಲ್ಲ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಕಟ್ಟಿಗೆ ಒಲೆಯ ಪಕ್ಕದಲ್ಲಿಯೇ ಅನಿಲ ಒಲೆಯೂ ಇರುವುದನ್ನು ನಾವಿಂದು ಕಾಣುತ್ತೇವೆ. 2016ರಲ್ಲಿ ಉಜ್ವಲಾ ಯೋಜನೆ ಆರಂಭವಾದ ಮೇಲೆ ಬಡವರ ಮನೆಗೂ ಸಿಲಿಂಡರ್ ಬಂದಿತು. ತಾಯಂದಿರ ಕಣ್ಣಿಗೂ ಉಸಿರಿಗೂ ಹೊಗೆಯ ಬಾಧೆ ತಗ್ಗಿದ್ದು ಸಂತೋಷದ ಸಂಗತಿ. ಆದರೆ ಮೆಕ್ಯಾನಿಕ್ ಬರುವುದು ತಡವಾದರೆ ಮನೆಯವರೇ ಪಾನಾ ಹಿಡಿದು ದುರಸ್ತಿಗೆ ಕೂಡುವ ರೂಢಿ ಅಪಾಯಕರವಾದುದು.

ಮನೆಯವರು ಮಾಡಬಹುದಾದ ಕೆಲಸಗಳು ಕೆಲವೇ. ಸಿಲಿಂಡರ್ ಪಡೆಯುವಾಗ ಸೀಲನ್ನೂ ವಾಲ್ವಿನೊಳಗಿನ ವಾಷರನ್ನೂ ಪರೀಕ್ಷಿಸುವುದು, ರೆಗ್ಯುಲೇಟರ್ ಜೋಡಿಸುವುದು, ಸಾಬೂನಿನ ನೀರು ಹಚ್ಚಿ ಸೋರಿಕೆ ನೋಡುವುದು, ರಾತ್ರಿ ರೆಗ್ಯುಲೇಟರ್ ಬಂದ್ ಮಾಡುವುದು. ವಾಲ್ವ್ ಅಥವಾ ರೆಗ್ಯುಲೇಟರ್ ಬಿಚ್ಚುವುದು, ಒಂದೇ ಪೈಪಿಗೆ ಎರಡು ಒಲೆ ಜೋಡಿಸುವುದು ನಮ್ಮ ಕೆಲಸವಲ್ಲ. ರೆಗ್ಯುಲೇಟರ್ ಠೇವಣಿಯ ಮೇಲೆ ಕೊಟ್ಟ ಕಂಪನಿಯ ಸ್ವತ್ತು. ಐದು ವರ್ಷಕ್ಕೊಮ್ಮೆ ಬದಲಿಸಬೇಕಾದ ಸುರಕ್ಷಾ ಪೈಪನ್ನೂ ವಿತರಕರ ಮೆಕ್ಯಾನಿಕ್‌ನಿಂದಲೇ ಹಾಕಿಸಿಕೊಳ್ಳಬೇಕು.

ಕೆಲವು ಕೃತ್ಯಗಳನ್ನು ಕಾನೂನು ಸ್ಪಷ್ಟವಾಗಿ ನಿಷೇಧಿಸಿದೆ. 1955ರ ಅಗತ್ಯ ವಸ್ತುಗಳ ಕಾಯ್ದೆಯಡಿ 2000ದಲ್ಲಿ ಹೊರಟ ಅನಿಲ ಪೂರೈಕೆ ಆದೇಶವೂ, 2016ರ ಅನಿಲ ಸಿಲಿಂಡರ್ ನಿಯಮಗಳೂ ಇಲ್ಲಿ ಅನ್ವಯಿಸುತ್ತವೆ. ದೊಡ್ಡ ಸಿಲಿಂಡರಿನಿಂದ ಚಿಕ್ಕದಕ್ಕೆ ಅನಿಲ ತುಂಬುವುದು, ಅದನ್ನು ವಾಹನಕ್ಕೆ ಹಾಕುವುದು, ಮನೆಬಳಕೆಯ 14.2 ಕೆ.ಜಿ. ಸಿಲಿಂಡರನ್ನು ಖಾನಾವಳಿಯಲ್ಲಿ ಬಳಸುವುದು ಅಪರಾಧ. ಅಗತ್ಯ ವಸ್ತುಗಳ ಕಾಯ್ದೆಯ ಉಲ್ಲಂಘನೆಗೆ ಏಳು ವರ್ಷಗಳವರೆಗೂ ಸೆರೆವಾಸವಾಗಬಹುದು. ಜಾತ್ರೆಯ ದಾಸೋಹಕ್ಕೆ, ಮದುವೆಯ ಅಡುಗೆಗೆ ಮನೆಮನೆಯ ಸಿಲಿಂಡರ್ ಕೂಡಿಸದೆ 19 ಕೆ.ಜಿ. ವಾಣಿಜ್ಯ ಸಿಲಿಂಡರನ್ನೇ ತರಿಸಬೇಕೆಂದು ನಾವು ಸದ್ಭಕ್ತರಲ್ಲಿ ವಿನಂತಿಸುತ್ತೇವೆ.

ಈ ಕಟ್ಟುನಿಟ್ಟಿಗೆ ಕಾರಣವುಂಟು. ಈ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೇರದೆ ನೆಲದ ಮೇಲೆ ಹರಡಿ ನಿಲ್ಲುತ್ತದೆ. ದಪ್ಪ ಗೋಡೆ, ಚಿಕ್ಕ ಕಿಟಕಿಗಳ ನಮ್ಮ ಹಳೆಯ ಮನೆಗಳಲ್ಲಿ ಅದು ಬೇಗನೆ ಹೊರಹೋಗದು. ಅಂಥ ಕೋಣೆಯಲ್ಲಿ ಒಂದು ಕಿಡಿಯೇ ಮನೆಮಂದಿಯ ಪ್ರಾಣಕ್ಕೆ ಎರವಾದೀತು.

ವಾಸನೆ ಬಂದೊಡನೆ ಉರಿಯನ್ನೆಲ್ಲ ಆರಿಸಿ, ರೆಗ್ಯುಲೇಟರ್ ಬಂದ್ ಮಾಡಿ, ಬಾಗಿಲು ಕಿಟಕಿ ತೆರೆಯಬೇಕು. ವಿದ್ಯುತ್ ಸ್ವಿಚ್ಚನ್ನು ಹಾಕಲೂಬಾರದು, ತೆಗೆಯಲೂಬಾರದು. ಎಲ್ಲರೂ ಹೊರಬಂದು, ದೂರ ನಿಂತು, 1906 ಸಂಖ್ಯೆಗೆ ಕರೆ ಮಾಡಬೇಕು. ಮೆಕ್ಯಾನಿಕ್ ಬರುವುದು ಮರುದಿನವಾದರೆ ಆಗಲಿ. ಅಂದಿನ ರೊಟ್ಟಿ ನೆರೆಮನೆಯ ಒಲೆಯ ಮೇಲೆ ಬೇಯಲಿ.