ಅಂಕಿ ಓದಿ, ಫೋಟೋ ತೆಗೆಯಿರಿ



ಮನೆಯ ಹಳೇ ಫೋಟೋಗಳನ್ನು ಒಮ್ಮೆ ತೆಗೆದು ನೋಡಿ. ಮದುವೆ ಫೋಟೋ, ನಾಮಕರಣದ ಫೋಟೋ, ಜಾತ್ರೆಯ ಫೋಟೋ. ಅದರಲ್ಲಿ ಅಮ್ಮ ಇದ್ದಾರೆ, ಅಜ್ಜಿ ಇದ್ದಾರೆ. ಆದರೆ ಆ ಫೋಟೋ ತೆಗೆದವರು ಯಾರು? ಹೆಚ್ಚಾಗಿ ಗಂಡಸರೇ. "ಕ್ಯಾಮೆರಾ ಮುಟ್ಟಬೇಡ, ಕೆಟ್ಟು ಹೋಗ್ತದೆ" ಅನ್ನುವ ಮಾತನ್ನು ಎಷ್ಟೋ ಹೆಣ್ಣುಮಕ್ಕಳು ಕೇಳಿದ್ದಾರೆ.

ಈಗ ಫೋಟೋಗೆ ಮೊಬೈಲ್ ಇದೆ. ಆದರೂ ಕೆಲವು ಮನೆಗಳಲ್ಲಿ ರೀಲು ಹಾಕುವ ಹಳೇ ಕ್ಯಾಮೆರಾ ಟ್ರಂಕಿನಲ್ಲಿ ಕೂತಿದೆ. ಅದನ್ನು ಗುಜರಿಗೆ ಹಾಕಬೇಡಿ. ಹೊರಗೆ ತೆಗೆದು ನೋಡಿ. ಅದರ ಮೈತುಂಬ ಅಂಕಿಗಳಿವೆ. ಅಂಕಿ ಓದಲು ಬಂದವರಿಗೆ ಅದನ್ನು ನಡೆಸಲೂ ಬರ್ತದೆ.

ಹೋಮಾಯಿ ವ್ಯಾರಾವಾಲಾ ಅವರ ಹೆಸರು ಕೇಳಿದ್ದೀರಾ? ಅವರು 1913ರಲ್ಲಿ ಗುಜರಾತಿನ ನವಸಾರಿಯಲ್ಲಿ ಹುಟ್ಟಿದರು. ಪತ್ರಿಕೆಗಳಿಗಾಗಿ ಫೋಟೋ ತೆಗೆದ ನಮ್ಮ ದೇಶದ ಮೊದಲ ಮಹಿಳೆ ಎಂದು ಹೆಸರಾದವರು. ಸೀರೆ ಉಟ್ಟು, ಭಾರದ ಕ್ಯಾಮೆರಾ ಹೊತ್ತು ದೆಹಲಿಯಲ್ಲಿ ಓಡಾಡಿದರು. ಗಾಂಧೀಜಿ, ನೆಹರೂ ಅವರ ಫೋಟೋ ತೆಗೆದರು. 2011ರಲ್ಲಿ ಅವರಿಗೆ ಪದ್ಮವಿಭೂಷಣ ಬಂತು. 2012ರಲ್ಲಿ ತೀರಿಕೊಂಡರು. ಅವರ ಕೈಗೆ ಬಂದ ವಿದ್ಯೆ ನಮ್ಮ ಕೈಗೆ ಬರಲಾರದೇ?

ಒಂದು ಉದಾಹರಣೆ

ಪೆಂಟಾಕ್ಸ್ ಕೆ 1000 ಎಂಬ ಕ್ಯಾಮೆರಾ ನೋಡೋಣ. ಇದು ಜಪಾನಿನ ಕಂಪನಿಯದು. 1976ರಲ್ಲಿ ಬಂತು. 1997ರವರೆಗೆ ತಯಾರಾಯಿತು. ಬ್ಯಾಟರಿ ಇಲ್ಲದಿದ್ದರೂ ಇದು ಫೋಟೋ ತೆಗೆಯುತ್ತದೆ. ಅಡಿಯಲ್ಲಿರುವ ಸಣ್ಣ ಬ್ಯಾಟರಿ ಬೆಳಕು ಅಳೆಯುವ ಮುಳ್ಳಿಗೆ ಮಾತ್ರ. ನಿಮ್ಮ ಕ್ಯಾಮೆರಾ ಬೇರೆಯದಾದರೆ ಗುಂಡಿಗಳ ಜಾಗ ಬೇರೆ ಇರಬಹುದು. ಕೆಲಸದ ರೀತಿ ಹೆಚ್ಚುಕಡಿಮೆ ಇದೇ.

ರೀಲು ಹಾಕುವುದು

ನೆರಳಿನಲ್ಲಿ ಕುಳಿತುಕೊಳ್ಳಿ. ಎಡಗಡೆಯ ಗುಂಡಿಯನ್ನು ಮೇಲಕ್ಕೆ ಎಳೆಯಿರಿ. ಹಿಂಬಾಗಿಲು ತೆರೆಯುತ್ತದೆ. ಒಳಗೆ ಒಂದು ಬಟ್ಟೆಯ ಪರದೆ ಕಾಣುತ್ತದೆ. ಅದಕ್ಕೆ ಬೆರಳು ತಾಗಿಸಬೇಡಿ.

ರೀಲಿನ ಡಬ್ಬಿಯನ್ನು ಎಡಗಡೆ ಇಡಿ. ಗುಂಡಿ ಕೆಳಗೆ ಒತ್ತಿ. ರೀಲಿನ ತುದಿ ಎಳೆದು ಬಲಗಡೆಯ ಉರುಳೆಯ ಸೀಳಿಗೆ ಸಿಕ್ಕಿಸಿ. ರೀಲಿನ ಅಂಚಿನ ತೂತುಗಳು ಹಲ್ಲುಗಳಿಗೆ ಸರಿಯಾಗಿ ಕೂರಬೇಕು. ಬಾಗಿಲು ಮುಚ್ಚಿ.

ಈಗ ಬಲಗಡೆಯ ಸನ್ನೆಯನ್ನು ಎಳೆಯಿರಿ, ಗುಂಡಿ ಒತ್ತಿ. ಲೆಕ್ಕದ ಕಿಂಡಿಯಲ್ಲಿ 1 ಬರುವ ತನಕ ಹೀಗೆ ಮಾಡಿ. ಸನ್ನೆ ಎಳೆದಾಗ ಎಡಗಡೆಯ ಗುಂಡಿ ತಾನಾಗಿ ತಿರುಗುತ್ತಿದೆಯಾ? ನೋಡಿ. ತಿರುಗಿದರೆ ರೀಲು ಓಡುತ್ತಿದೆ. ತಿರುಗದಿದ್ದರೆ ತುದಿ ಕಳಚಿರಬಹುದು. ಹಾಗೇ ಬಿಟ್ಟರೆ ಮದುವೆಯೆಲ್ಲ ಮುಗಿದರೂ ಒಂದು ಫೋಟೋನೂ ಸಿಗಲ್ಲ.

ಬೆಳಕಿನ ಲೆಕ್ಕ

ರೀಲಿನ ಡಬ್ಬಿಯ ಮೇಲೆ 100, 200 ಅಥವಾ 400 ಎಂದು ಬರೆದಿರುತ್ತದೆ. ಅಂಕಿ ದೊಡ್ಡದಾದಷ್ಟೂ ಕಡಿಮೆ ಬೆಳಕು ಸಾಕು. ವೇಗದ ಚಕ್ರದ ಹೊರಬಳೆಯನ್ನು ಎತ್ತಿ ತಿರುಗಿಸಿ. ಅದೇ ಅಂಕಿ ಕಿಂಡಿಯಲ್ಲಿ ಬರುವಂತೆ ಇಡಿ.

ನಲ್ಲಿಯಿಂದ ಕೊಡ ತುಂಬುವುದು ನಿಮಗೆ ಗೊತ್ತು. ನಲ್ಲಿ ಪೂರ್ತಿ ತಿರುಗಿಸಿದರೆ ಬೇಗ ತುಂಬುತ್ತದೆ. ಸಣ್ಣಗೆ ಬಿಟ್ಟರೆ ಹೊತ್ತು ಹಿಡಿಯುತ್ತದೆ. ಕ್ಯಾಮೆರಾ ಒಳಗೆ ಬೆಳಕು ತುಂಬುವುದೂ ಹೀಗೇ.

ಮೇಲಿನ ಚಕ್ರದ ಅಂಕಿಗಳು ಹೊತ್ತನ್ನು ಹೇಳುತ್ತವೆ. 125 ಅಂದರೆ ಒಂದು ಸೆಕೆಂಡನ್ನು 125 ಪಾಲು ಮಾಡಿ, ಅದರಲ್ಲಿ ಒಂದು ಪಾಲು. ಲೆನ್ಸಿನ ಮೇಲಿನ 4, 8, 16 ಎಂಬ ಅಂಕಿಗಳು ಬೆಳಕಿನ ತೂತನ್ನು ಹೇಳುತ್ತವೆ. ಇಲ್ಲಿ ಲೆಕ್ಕ ತಲೆಕೆಳಗು. ಅಂಕಿ ದೊಡ್ಡದಾದರೆ ತೂತು ಸಣ್ಣದು. ಇದನ್ನು ಚೆನ್ನಾಗಿ ನೆನಪಿಟ್ಕೊಳ್ಳಿ.

ಕಿಂಡಿಯಲ್ಲಿ ಕಣ್ಣಿಟ್ಟರೆ ಬಲಗಡೆ ಒಂದು ಮುಳ್ಳು ಕಾಣುತ್ತದೆ. ಅದು ನಡುವೆ ನಿಂತರೆ ಬೆಳಕು ಸರಿ. ಮೇಲೆ ಹೋದರೆ ಹೆಚ್ಚು. ಕೆಳಗೆ ಇಳಿದರೆ ಕಡಿಮೆ. ಮುಳ್ಳು ಕೆಟ್ಟಿದ್ದರೂ ಚಿಂತೆ ಬೇಡ. 100ರ ರೀಲಿಗೆ, ಚುರುಕು ಬಿಸಿಲಿನಲ್ಲಿ, ತೂತು 16 ಮತ್ತು ವೇಗ 125 ಇಟ್ಟರೆ ಸಾಕು.

ವೇಗ 60ಕ್ಕಿಂತ ಕಡಿಮೆ ಇಟ್ಟರೆ ಕೈ ನಡುಗಿ ಫೋಟೋ ಮಸುಕಾಗಬಹುದು. ಆಗ ಗೋಡೆಗೋ ಕಂಬಕ್ಕೋ ಒರಗಿ ನಿಲ್ಲಿ. ಕೊನೆಗೆ ಲೆನ್ಸಿನ ಮುಂದಿನ ಬಳೆ ತಿರುಗಿಸಿ. ಮುಖ ಸ್ಪಷ್ಟವಾಗಿ ಕಂಡಾಗ ಗುಂಡಿ ಒತ್ತಿ.

ರೀಲು ತೆಗೆಯುವುದು

36 ಫೋಟೋ ಆದ ಮೇಲೆ ಸನ್ನೆ ಬಿಗಿಯುತ್ತದೆ. ಜೋರು ಮಾಡಬೇಡಿ. ರೀಲು ಹರಿಯುತ್ತದೆ. ಬಾಗಿಲನ್ನೂ ತೆರೆಯಬೇಡಿ. ಬೆಳಕು ಬಿದ್ದರೆ ಫೋಟೋಗಳು ಹಾಳು. ಮೊದಲು ಅಡಿಯಲ್ಲಿರುವ ಪುಟ್ಟ ಗುಂಡಿ ಒತ್ತಿ. ಎಡಗಡೆಯ ಹಿಡಿಯನ್ನು ಬಾಣ ತೋರಿಸಿದ ಕಡೆಗೆ ತಿರುಗಿಸುತ್ತಾ ಹೋಗಿ. ಬಿಗಿ ಹೋಗಿ ಸಡಿಲವಾದಾಗ ರೀಲು ಡಬ್ಬಿ ಸೇರಿದೆ ಎಂದು ತಿಳಿಯಿರಿ. ಆಮೇಲೆ ಬಾಗಿಲು ತೆರೆಯಿರಿ.

ರೀಲು ತೊಳೆಯುವ ಸ್ಟುಡಿಯೋಗಳು ಈಗ ಕಡಿಮೆ. ರೀಲು ಹಾಕುವ ಮೊದಲೇ ಎಲ್ಲಿ ತೊಳೆಯುತ್ತಾರೆ ಎಂದು ವಿಚಾರಿಸಿ. ತೊಳೆದ ನೆಗೆಟಿವನ್ನು ಮರೆಯದೆ ವಾಪಸು ಕೇಳಿ. ಫೋಟೋ ಹರಿದರೂ ಅದರಿಂದ ಮತ್ತೆ ಮಾಡಿಸಬಹುದು.

ಮಳೆಗಾಲದ ಜೋಪಾನ

ಕ್ಯಾಮೆರಾಕ್ಕೆ ದೊಡ್ಡ ಶತ್ರು ತೇವ. ಉಪ್ಪಿನಕಾಯಿಗೆ ಬೂಷ್ಟು ಹಿಡಿದಂತೆ ಲೆನ್ಸಿಗೂ ಬೂಷ್ಟು ಹಿಡಿಯುತ್ತದೆ. ಜೇಡನ ಬಲೆಯ ಎಳೆಯಂತೆ ಕಾಣುತ್ತದೆ. ಮಲೆನಾಡು, ಕರಾವಳಿಯವರು ಹೆಚ್ಚು ಎಚ್ಚರ ವಹಿಸಬೇಕು.

• ಚರ್ಮದ ಚೀಲದಲ್ಲಿ ವರ್ಷಗಟ್ಟಲೆ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ನುಸಿಗುಳಿಗೆ ಹಾಕಬೇಡಿ.
• ಲೆನ್ಸನ್ನು ಸೆರಗಿನಿಂದ ಒರೆಸಬೇಡಿ. ದೂಳು ಉಜ್ಜಿ ಗೀರು ಬೀಳುತ್ತದೆ. ಮೊದಲು ಮೆತ್ತನೆ ಬ್ರಷ್‌ನಿಂದ ದೂಳು ತೆಗೆಯಿರಿ. ಆಮೇಲೆ ಲೆನ್ಸ್ ಒರೆಸುವ ಬಟ್ಟೆ ಬಳಸಿ.
• ಹೊಲಿಗೆ ಯಂತ್ರಕ್ಕೆ ಬಿಟ್ಟಂತೆ ಎಣ್ಣೆ ಬಿಡಬೇಡಿ. ಎಣ್ಣೆ ಹರಡಿ ಪರದೆ ಅಂಟಿಕೊಳ್ಳುತ್ತದೆ.
• ಕೆಲಸ ಮುಗಿದ ಕೂಡಲೇ ಲೆನ್ಸಿಗೆ ಮುಚ್ಚಳ ಹಾಕಿ. ಮುಚ್ಚದಿದ್ದರೆ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಬ್ಯಾಟರಿ ತೆಗೆದಿಡಿ.
• ಬಾಗಿಲಿನ ಅಂಚಿನ ಕಪ್ಪು ಸ್ಪಂಜು ಹಳತಾಗಿ ಅಂಟಂಟಾದರೆ ಬೆಳಕು ಒಳಗೆ ನುಸುಳುತ್ತದೆ. ರಿಪೇರಿಯವರ ಹತ್ತಿರ ಬದಲಾಯಿಸಿ.
• ತಿಂಗಳಿಗೊಮ್ಮೆ ಹೊರಗೆ ತೆಗೆದು, ಸನ್ನೆ ಎಳೆದು, ಗುಂಡಿ ಒತ್ತಿ. ಸನ್ನೆ ಎಳೆದ ಹಾಗೇ ಒಳಗಿಡಬೇಡಿ.

ಮಾಡಿ ನೋಡಿ

ರೀಲು ಅಗ್ಗವಲ್ಲ. ಮೊದಲು ರೀಲಿಲ್ಲದೆ ಕಲಿಯಿರಿ. ಹಿಂಬಾಗಿಲು ತೆರೆದು, ವೇಗ 1ಕ್ಕೆ ಇಟ್ಟು ಗುಂಡಿ ಒತ್ತಿ. ಆಮೇಲೆ 125ಕ್ಕೆ ಇಟ್ಟು ಒತ್ತಿ. ಪರದೆ ಯಾವಾಗ ನಿಧಾನ, ಯಾವಾಗ ಬೇಗ ಮುಚ್ಚಿತು? ನಿಮ್ಮ ಪುಸ್ತಕದಲ್ಲಿ ಬರೆಯಿರಿ.

ಆಮೇಲೆ ಒಂದು ರೀಲು ಹಾಕಿ. ಮೊದಲ ಫೋಟೋ ಯಾರದ್ದು, ಯಾವ ದಿನ ಎಂದು ನೀವೇ ಬರೆದಿಡಿ. ಮುಂದೆ ಮೊಮ್ಮಕ್ಕಳು "ಈ ಫೋಟೋ ತೆಗೆದವರು ಯಾರು?" ಎಂದು ಕೇಳಿದರೆ, ಉತ್ತರ ಹಿಂದುಗಡೆ ನಿಮ್ಮ ಅಕ್ಷರದಲ್ಲೇ ಇರಲಿ.