ಮಾದರಿ ಕಟ್ಟಡಗಳನ್ನು ಅಚ್ಚಿನಲ್ಲಿ ಎರೆಯುವ ಕ್ರಮ

ನಮ್ಮ ಹಸ್ತಕೌಶಲ್ಯದ ಪ್ರದರ್ಶನವನ್ನು ನೋಡಬಂದ ತಾಯಿತಂದೆಗಳು ಮೇಜಿನ ಮೇಲಣ ಬಿಳಿಯ ಕಟ್ಟಡಗಳನ್ನು ಕಂಡು, “ಇಷ್ಟೊಂದು ಕಂಬಗಳನ್ನು ಮಕ್ಕಳೇ ಕೆತ್ತಿದರೇ?” ಎಂದು ಕೇಳುವುದುಂಟು. ಕೆತ್ತಿದವು ಕೆಲವೇ, ಉಳಿದವೆಲ್ಲವೂ ಅಚ್ಚಿನಲ್ಲಿ ಎರೆದವುಗಳು. ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆಗಳ ಯಾವ ಶಾಲೆಯಲ್ಲಿಯೂ ಅಲ್ಪ ವೆಚ್ಚದಿಂದ ನಡಿಸಬಹುದಾದ ಈ ಕೆಲಸದ ಕ್ರಮವನ್ನು ಇಲ್ಲಿ ವಿವರಿಸುವೆನು.

ಮೊದಲು ನಾವು ಜೇಡಿಮಣ್ಣಿನಲ್ಲಿ ಅಚ್ಚು ತೆಗೆದೆವು. ಒಂದು ಗೋಡೆಯನ್ನು ಎರೆದು ಬಿಡಿಸುವಷ್ಟರಲ್ಲಿ ಅಚ್ಚು ಹರಿದುಹೋಯಿತು. ಬಾಗಿ ಬಿಟ್ಟುಕೊಟ್ಟು, ಪುನಃ ತನ್ನ ಆಕಾರಕ್ಕೆ ಬರತಕ್ಕ ಪದಾರ್ಥವು ನಮಗೆ ಬೇಕಾಗಿತ್ತು. ಅದನ್ನು ಹುಡುಕಿ ದೂರ ಹೋಗಬೇಕಾಗಿರಲಿಲ್ಲ. ಬೆಳ್ತಂಗಡಿಯ ಕಡೆಯ ತೋಟಗಳಲ್ಲಿ ಬೆಳಗಿನ ಹೊತ್ತು ಮರದಿಂದ ಚಿಪ್ಪಿಗೆ ತೊಟ್ಟಿಕ್ಕುವ ರಬ್ಬರಿನ ಹಾಲೇ ಅದು.

ಮೂಲಮಾದರಿಯನ್ನು ಮೆದುವಾದ ಮರದಲ್ಲಿ ಕೆತ್ತಬೇಕು. ಹಿಂಬದಿಯು ಚಪ್ಪಟೆಯಾಗಿರಲಿ, ಕಂಬವಾದರೆ ಅರ್ಧ ಕಂಬವನ್ನು ಮಾಡಿ, ಎರೆದ ಎರಡು ಅರ್ಧಗಳನ್ನು ಬಳಿಕ ಅಂಟಿಸಬಹುದು. ಮಾದರಿಯನ್ನು ಗಾಜಿನ ಹಲಗೆಯ ಮೇಲೆ ನಿಲ್ಲಿಸಿ, ರಬ್ಬರಿನ ಹಾಲನ್ನು ಕುಂಚದಿಂದ ತೆಳುವಾಗಿ ಸವರತಕ್ಕದ್ದು. ಮೊದಲನೆಯ ಲೇಪದಲ್ಲಿ ಗುಳ್ಳೆಗಳು ಉಳಿಯಕೂಡದು. ಉಳಿದ ಒಂದೊಂದು ಗುಳ್ಳೆಯೂ ಮುಂದೆ ಪ್ರತಿಯೊಂದು ಕಂಬದ ಮೇಲೆ ಒಂದೊಂದು ಮೊಡವೆಯಾಗಿ ಏಳುವುದು. ಬಿಳಿಯ ಬಣ್ಣವು ಅಳಿದು ಹಳದಿಯ ಪಾರದರ್ಶಕ ಪೊರೆಯಾದ ಮೇಲೆಯೇ ಮುಂದಿನ ಲೇಪ. ಹೀಗೆ ಹತ್ತು ಹನ್ನೆರಡು ಲೇಪಗಳು ಬೇಕು; ನಡುವೆ ತೆಳುವಾದ ಜಾಳು ಬಟ್ಟೆಯನ್ನು ಸೇರಿಸಿದರೆ ಅಚ್ಚು ಬಲಗೊಳ್ಳುವುದು. ನಮ್ಮ ಆಟಿ ತಿಂಗಳ ಮಳೆಯಲ್ಲಿ ಇದು ಸಾಗದು. ಜನವರಿ ಫೆಬ್ರವರಿಯೇ ತಕ್ಕ ಕಾಲ. ತೋಟದ ಹಾಲು ಹೆಪ್ಪುಗಟ್ಟದಂತೆ ಅಮೋನಿಯವನ್ನು ಹಾಕುವುದರಿಂದ ಕೆಲಸವನ್ನು ಜಗಲಿಯಲ್ಲಿ ನಡಿಸುವುದು ಲೇಸು. ಬರೀ ತೋಟದ ಹಾಲಿನ ಅಚ್ಚು ಕೆಲಕಾಲದ ಮೇಲೆ ಜಿಗುಟಾಗುತ್ತದೆ. ಗಂಧಕವನ್ನು ಸೇರಿಸಿ ಮುಂಚೆಯೇ ಹದಗೊಳಿಸಿದ ಹಾಲು ಸಿಕ್ಕಿದರೆ ಅದೇ ಉತ್ತಮ. ಬಿಡಿಸುವ ಮುಂಚೆ ಟಾಲ್ಕ್ ಪುಡಿಯನ್ನು ಉದುರಿಸದಿದ್ದರೆ ರಬ್ಬರು ರಬ್ಬರಿಗೇ ಅಂಟಿಕೊಳ್ಳುವುದು.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಬಿಡುವೆನು. ಅಡಿಗೆಮನೆಯ ರೂಢಿಯಂತೆ ಅಚ್ಚಿಗೆ ತೆಂಗಿನೆಣ್ಣೆಯನ್ನು ಸವರಲು ನಾನೇ ಹೇಳಿದೆನು. ಹದಿನೈದು ದಿನಗಳೊಳಗೆ ಮಕ್ಕಳ ಶ್ರಮದ ಅಚ್ಚು ಊದಿ ಅಂಟಾಗಿ ನಿರುಪಯೋಗವಾಯಿತು. ಎಣ್ಣೆಯೂ ಬಿಸಿಲೂ ತಾಮ್ರವೂ ರಬ್ಬರಿಗೆ ಶತ್ರುಗಳು. ಸಾಬೂನಿನ ತಿಳಿನೀರೇ ಸಾಕು.

ಇನ್ನು ಎರೆಯುವ ಪದಾರ್ಥವಾದ ಪ್ಲಾಸ್ಟರ್ ಆಫ್ ಪ್ಯಾರಿಸ್. ಜಿಪ್ಸಮ್ ಎಂಬ ಖನಿಜವನ್ನು ಸುಮಾರು 150 ಡಿಗ್ರಿ ಸೆಂಟಿಗ್ರೇಡಿನವರೆಗೆ ಕಾಯಿಸಿದರೆ ಅದರಲ್ಲಿ ಅಡಗಿರುವ ನೀರಿನ ಮುಕ್ಕಾಲು ಪಾಲು ಹೊರಟುಹೋಗಿ ಈ ಪುಡಿಯಾಗುತ್ತದೆ. ನೀರನ್ನು ಮರಳಿ ಕೊಟ್ಟಾಗ ಅದು ಪುನಃ ಜಿಪ್ಸಮ್ಮೇ ಆಗಿ ಗಟ್ಟಿಯಾಗುತ್ತದೆ. ಆಗ ತುಸು ಹಿಗ್ಗುವುದರಿಂದ ಅಚ್ಚಿನ ಸೂಕ್ಷ್ಮ ಗೆರೆಗಳೂ ಮೂಡುತ್ತವೆ. ತೂಕದಲ್ಲಿ ನೂರು ಪಾಲು ಪುಡಿಗೆ ಅರುವತ್ತರಿಂದ ಎಪ್ಪತ್ತು ಪಾಲು ನೀರು. ನೀರಿಗೆ ಪುಡಿಯನ್ನು ಉದುರಿಸಬೇಕೇ ಹೊರತು ಪುಡಿಗೆ ನೀರನ್ನು ಹೊಯ್ಯಬಾರದು. ಒಂದು ನಿಮಿಷ ನೆನೆಯಲು ಬಿಟ್ಟು, ಕೋಲಿನಿಂದ ಮೆಲ್ಲನೆ ಕಲಸಿ, ಮರಳಿನ ತಟ್ಟೆಯಲ್ಲಿ ಸಮನಾಗಿ ಕೂರಿಸಿದ ಅಚ್ಚಿಗೆ ಹೊಯ್ದು, ತಟ್ಟೆಯನ್ನು ಕುಟ್ಟಿ ಗಾಳಿಯನ್ನು ಹೊರಡಿಸಬೇಕು. ಅರ್ಧ ಗಂಟೆಯ ಮೇಲೆ ಬಿಡಿಸಬಹುದು. ಉಳಿದುದನ್ನು ಚರಂಡಿಗೆ ಚೆಲ್ಲಿದರೆ ಅಲ್ಲಿಯೇ ಕಲ್ಲಾಗುವುದು.

ಕೋಲಿನಿಂದಲೇ ಎಂದು ಹೇಳಿದುದಕ್ಕೆ ಕಾರಣವುಂಟು. ಗಟ್ಟಿಯಾಗುವಾಗ ಪ್ಲಾಸ್ಟರು ಶಾಖವನ್ನು ಹೊರಗೆಡಹುತ್ತದೆ. ರಾಶಿ ದೊಡ್ಡದಾದಷ್ಟು ಶಾಖವೂ ಹೆಚ್ಚು. ಇಂಗ್ಲೆಂಡಿನ ಲಿಂಕನ್‌ಶೈರಿನ ಒಂದು ಶಾಲೆಯಲ್ಲಿ 2007ರಲ್ಲಿ ಹದಿನಾರು ವಯಸ್ಸಿನ ಹುಡುಗಿಯೊಬ್ಬಳು ತನ್ನ ಕೈಗಳ ಅಚ್ಚು ತೆಗೆಯಲೆಂದು ಪ್ಲಾಸ್ಟರಿನಲ್ಲಿ ಕೈಗಳನ್ನು ಅದ್ದಿ, ಹೊರಗೆ ತೆಗೆಯಲಾರದೆ, ಸುಟ್ಟಗಾಯಗಳಿಂದ ಬಹುತೇಕ ಬೆರಳುಗಳನ್ನೇ ಕಳಕೊಂಡಳು. ಕೈಯನ್ನಾಗಲಿ ಮುಖವನ್ನಾಗಲಿ ಎರಕಕ್ಕೆ ಒಡ್ಡುವ ಆಟವನ್ನು ನಮ್ಮ ತರಗತಿಯಲ್ಲಿ ಖಂಡಿತವಾಗಿ ನಿಷೇಧಿಸಿದ್ದೇವೆ. ಪುಡಿಯನ್ನು ಅಳೆಯುವಾಗ ಮೂಗಿಗೆ ಬಟ್ಟೆ ಕಟ್ಟುವುದೂ ಕಡ್ಡಾಯ.

ಯಾವ ಕಟ್ಟಡವನ್ನು ಎರೆಯುವುದು? ಮುರಕಲ್ಲಿನ ಗೋಡೆ, ಹಂಚಿನ ಮಾಡು ಇವು ಒಂದರಂತೆ ಇನ್ನೊಂದು ಇರುವುದರಿಂದ ಅಚ್ಚಿಗೆ ಬಹಳ ಅನುಕೂಲ. ಹಂಚು ತಾನೇ ಅಚ್ಚಿನ ಕೂಸಲ್ಲವೇ? 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆಯನ್ನು ತೆರೆದಂದಿನಿಂದ ಅದು ಅಚ್ಚಿನಲ್ಲಿ ಒತ್ತಿಯೇ ಹುಟ್ಟಿದ್ದು. ಆದರೆ ಹುಡುಗಿಯರು ಮೂಡಬಿದ್ರೆಯ ಸಾವಿರ ಕಂಬದ ಬಸದಿಯೇ ಆಗಬೇಕೆಂದು ಹಟಹಿಡಿದರು. 1430ರ ಆ ಕಟ್ಟಡದಲ್ಲಿ ಒಂದು ಕಂಬದಂತೆ ಇನ್ನೊಂದಿಲ್ಲವೆಂದು ಊರವರ ಮಾತು. ಒಂದೇ ಅಚ್ಚಿನಿಂದ ನೂರು ಕಂಬಗಳನ್ನು ಎರೆದರೆ ಬಸದಿಯು ಸೈನಿಕರ ಸಾಲಿನಂತೆ ಕಾಣಿಸೀತು. ಚರ್ಚೆಯಾದ ಬಳಿಕ ಐದು ಅಚ್ಚುಗಳನ್ನು ಮಾಡಿ, ಎರಡು ಅರ್ಧಗಳನ್ನು ಬೇರೆ ಬೇರೆ ಅಚ್ಚುಗಳಿಂದ ಆರಿಸಿ ಅಂಟಿಸಿದೆವು. ಅಷ್ಟರಿಂದಲೇ ಹದಿನೈದು ಬಗೆಯ ಕಂಬಗಳಾದುವು. ಮಳೆಗೆಂದು ಇಳಿಜಾರಾಗಿ ಹೊದೆಸಿದ ಕಲ್ಲುಚಪ್ಪಡಿಗಳ ಮಾಡನ್ನು ಬೇರೆಯಾಗಿ ಎರೆದೆವು.

ಅಚ್ಚುಗಳನ್ನು ತೊಳೆದು, ಪುಡಿ ಹಚ್ಚಿ, ಒಳಗೆ ಒಂದೊಂದು ಕಂಬವನ್ನು ಇಟ್ಟು, ತಗಡಿನ ಪೆಟ್ಟಿಗೆಯಲ್ಲಿ ಮುಚ್ಚಿದ್ದೇವೆ. ಬಸದಿಯ ಮೇಲಂತಸ್ತು ಇನ್ನೂ ಆಗಿಲ್ಲ. ಒಂಬತ್ತನೆಯ ತರಗತಿಯವರು ಅದರ ಮಾದರಿಯನ್ನು ಕೆತ್ತುತ್ತಿದ್ದಾರೆ.